ಶ್ರೀನಿವಾಸಪುರದಿಂದ ಹೊರದೇಶಕ್ಕೆ ಇಂಗ್ಲಿಷ್ ಟೀಚರ್ ಆಗಿ ಹೋಗಬಹುದಾ? ಏಜೆಂಟ್ 1.80 ಲಕ್ಷ ಕೇಳುತ್ತಿದ್ದಾರೆ

ಶ್ರೀನಿವಾಸಪುರದ ಟೀಚರ್:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಬೇರೆಯವರ ಪ್ರಶ್ನೆಗಳನ್ನು ಓದುತ್ತಿದ್ದೆ. ಇವತ್ತು ನನ್ನದೇ ಒಂದು ಕೇಳುತ್ತಿದ್ದೇನೆ.

ನನಗೆ 32 ವರ್ಷ. ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಕೋಲಾರದ ಖಾಸಗಿ ಹೈಸ್ಕೂಲಿನಲ್ಲಿ ಎಂಟರಿಂದ ಹತ್ತನೇ ತರಗತಿವರೆಗೆ ಇಂಗ್ಲಿಷ್ ತೆಗೆದುಕೊಳ್ಳುತ್ತೇನೆ. ಎಂಟು ವರ್ಷ ಆಯಿತು. ಸಂಬಳ 16,000. ಬಿಎ ಮುಗಿಸಿದ್ದು 2014ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದಿಂದ. ಬಿಎಡ್ 2015. ಮನೆಯಲ್ಲಿ ತೆಲುಗು, ಓದಿದ್ದು ಕನ್ನಡ ಮೀಡಿಯಂ. ನಾನು ಎಬಿಸಿಡಿ ಬರೆದದ್ದೇ ಐದನೇ ತರಗತಿಯಲ್ಲಿ.

ಅಪ್ಪನದು ಎರಡು ಎಕರೆ ಮಾವಿನ ತೋಪು. ತೋತಾಪುರಿ ಬೆಲೆ ಬಿದ್ದ ವರ್ಷ ಕಾಯಿ ಕೀಳಿಸಿದ ಕೂಲಿಯೂ ಹುಟ್ಟಲಿಲ್ಲ. ಅದಕ್ಕೂ ಮುಂಚೆ ಬೋರ್ ಕೊರೆಸಿದ ಸಾಲ ಹಾಗೇ ಇದೆ. ತಮ್ಮ ಇನ್ನೂ ಓದುತ್ತಿದ್ದಾನೆ. ಅದಕ್ಕೇ ಹೊರಗೆ ಹೋಗುವ ಯೋಚನೆ ಬಂತು.

ಬೆಂಗಳೂರಿನ ಒಬ್ಬ ಏಜೆಂಟ್ ಸಿಕ್ಕಿದ್ದಾರೆ. ವಿಯೆಟ್ನಾಂನಲ್ಲಿ ಕೆಲಸ ಗ್ಯಾರಂಟಿ, ಒಟ್ಟು 1.80 ಲಕ್ಷ, ಶನಿವಾರದೊಳಗೆ 50,000 ಅಡ್ವಾನ್ಸ್ ಅಂದರು. ಟೂರಿಸ್ಟ್ ವೀಸಾದಲ್ಲಿ ಹೋಗಬೇಕಂತೆ, ಅಲ್ಲಿಗೆ ಹೋದ ಮೇಲೆ ವರ್ಕ್ ಪರ್ಮಿಟ್ ಮಾಡಿಸುತ್ತಾರಂತೆ. ಫೋನಿನಲ್ಲಿ ಎರಡು ನಿಮಿಷ ಇಂಗ್ಲಿಷ್ ಮಾತಾಡಿಸಿ, ‘ಮೇಡಂ, ನಿಮ್ಮ ಉಚ್ಚಾರಣೆ ಹಳ್ಳಿಯದು, ಇದಕ್ಕೆ ಬೇರೆ ಟ್ರೇನಿಂಗ್ ಬೇಕು, 25,000 ಆಗುತ್ತದೆ’ ಅಂದರು. ಆ ಮಾತು ತುಂಬಾ ಚುಚ್ಚಿತು. ಎಂಟು ವರ್ಷದಿಂದ ಮಕ್ಕಳಿಗೆ ತಪ್ಪಾಗಿ ಹೇಳಿಕೊಡುತ್ತಿದ್ದೇನಾ ಅಂತ ಅನಿಸಿಬಿಟ್ಟಿದೆ.

ಗೊತ್ತಿರುವವರು ದಯವಿಟ್ಟು ಹೇಳಿ. ದುಡ್ಡು ಕೊಡಬಹುದಾ? ನನ್ನಂಥವಳಿಗೆ ಯಾವ ದೇಶದಲ್ಲಿ ನಿಜವಾಗಿ ಕೆಲಸ ಸಿಗುತ್ತದೆ?

ಮಾಲೂರಿನವನು:

ಅಕ್ಕಾ, ಒಂದು ರೂಪಾಯಿಯೂ ಕೊಡಬೇಡಿ. ನಾನು 2019ರಲ್ಲಿ ಹೀಗೇ 90,000 ಕೊಟ್ಟು ಟೂರಿಸ್ಟ್ ವೀಸಾದಲ್ಲಿ ಹೋದೆ. ಒಂದು ಟ್ಯೂಷನ್ ಸೆಂಟರಿನಲ್ಲಿ ಹದಿನೆಂಟು ದಿನ ಪಾಠ ಮಾಡಿದೆ. ಸಂಬಳ ಕೇಳಿದರೆ ಪರ್ಮಿಟ್ ಬರಲಿ ಅನ್ನುತ್ತಿದ್ದರು. ವೀಸಾ ದಿನ ಮುಗಿಯುತ್ತಾ ಬಂತು, ಪರ್ಮಿಟ್ ಬರಲಿಲ್ಲ. ಅಣ್ಣ ಟಿಕೆಟ್ ಹಾಕಿಸಿ ಕರೆಸಿಕೊಂಡ. ಪೊಲೀಸರ ಹತ್ತಿರ ಹೋಗೋಣ ಅಂದರೆ, ನಾನೇ ಕಾನೂನು ಮೀರಿ ಕೆಲಸ ಮಾಡಿದವನು. ಬಾಯಿ ಬಿಡುವ ಹಾಗೇ ಇರಲಿಲ್ಲ.

ಬೂದಿಕೋಟೆ ಮೇಷ್ಟ್ರು:

ತಂಗೀ ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದು ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. 2012ರಿಂದ 2017ರವರೆಗೆ ಮಾಲ್ಡೀವ್ಸ್‌ನಲ್ಲಿ, 2018ರಿಂದ 2022ರವರೆಗೆ ಥಾಯ್ಲೆಂಡ್‌ನಲ್ಲಿ ಇಂಗ್ಲಿಷ್ ಪಾಠ ಮಾಡಿದ್ದೇನೆ. ಈಗ ಊರಲ್ಲೇ ಇದ್ದೇನೆ. ನಾನೂ ಕನ್ನಡ ಮೀಡಿಯಂ, ನಾನೂ ಐದನೇ ತರಗತಿಯಲ್ಲೇ ಎಬಿಸಿಡಿ ಬರೆದವನು. ನಿಮ್ಮ ಪ್ರಶ್ನೆ ಓದಿ ಸುಮ್ನೆ ಇರೋಕೆ ಆಗಲಿಲ್ಲ. ಸ್ವಲ್ಪ ಉದ್ದವಾಗುತ್ತದೆ, ಪೂರ್ತಿ ಓದಿ.

ಮೊದಲು ಶನಿವಾರದ ವಿಷಯ. ಆ 50,000 ಕೊಡಬೇಡಿ. ಹೊರದೇಶದ ಕೆಲಸಕ್ಕೆ ಜನ ಕಳಿಸುವವರು ಕೇಂದ್ರ ಸರ್ಕಾರದ ಲೈಸೆನ್ಸ್ ಪಡೆದಿರಬೇಕು. 1983ರ ಎಮಿಗ್ರೇಷನ್ ಕಾಯ್ದೆ ಇರುವುದೇ ಅದಕ್ಕೆ. ಲೈಸೆನ್ಸ್ ಇರುವವರ ಪಟ್ಟಿ ‘ಇ-ಮೈಗ್ರೇಟ್’ ವೆಬ್‌ಸೈಟಿನಲ್ಲಿದೆ, ಯಾರು ಬೇಕಾದರೂ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸರ್ವೀಸ್ ಚಾರ್ಜ್ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೊಡಬೇಕು. 1.80 ಲಕ್ಷಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ ನೋಡಿ. ಇವತ್ತೇ ಫೋನ್ ಮಾಡಿ ‘ಸರ್, ನಿಮ್ಮ ಲೈಸೆನ್ಸ್ ನಂಬರ್ ಕೊಡಿ’ ಅಂತ ಒಂದೇ ಮಾತು ಕೇಳಿ. ಅವರ ದನಿ ಹೇಗೆ ಬದಲಾಗುತ್ತದೆ, ಅದರಲ್ಲೇ ನಿಮಗೆ ಉತ್ತರ ಸಿಗುತ್ತದೆ.

ವಿಯೆಟ್ನಾಂನಲ್ಲಿ ನಮ್ಮವರು ಕೆಲಸ ಮಾಡುವುದಿಲ್ಲ ಅಂತಲ್ಲ. ಮಾಡುತ್ತಾರೆ. ಆದರೆ ಅಲ್ಲಿ ವರ್ಕ್ ಪರ್ಮಿಟ್‌ಗೆ ಅರ್ಜಿ ಹಾಕಬೇಕಾದವರು ಕೆಲಸ ಕೊಡುವ ಶಾಲೆಯವರು. ಡಿಗ್ರಿ, ಟೀಚಿಂಗ್ ಸರ್ಟಿಫಿಕೇಟ್, ಪೊಲೀಸ್ ಕ್ಲಿಯರೆನ್ಸ್, ಎಲ್ಲಕ್ಕೂ ದೃಢೀಕರಣದ ಮೊಹರು ಬಿದ್ದಿರಬೇಕು. ಶಾಲೆಯ ಹೆಸರೇ ಹೇಳದೆ ‘ಮೊದಲು ಹೋಗಿ, ಆಮೇಲೆ ನೋಡೋಣ’ ಅನ್ನುವವರ ಹತ್ತಿರ ಕೊಡುವುದಕ್ಕೆ ಕೆಲಸವೇ ಇರುವುದಿಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಯಾವ ದೇಶ ಅನ್ನುವುದು. ಇದರಲ್ಲಿ ಒಂದು ಕಹಿ ವಿಷಯ ಮೊದಲೇ ತಿಳಿದುಕೊಳ್ಳಿ. ಕೆಲವು ದೇಶಗಳು ಟೀಚರ್‌ಗೆ ಎಷ್ಟು ಬರುತ್ತದೆ ಅಂತ ನೋಡುವುದಿಲ್ಲ, ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ನೋಡುತ್ತವೆ. ಚೀನಾದಲ್ಲಿ ಇಂಗ್ಲಿಷ್ ಪಾಠದ ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾದವರಿಗೆ. ದಕ್ಷಿಣ ಕೊರಿಯಾದಲ್ಲೂ ಇದೇ ಏಳು ದೇಶ. ಭಾರತ ಮತ್ತು ಕೊರಿಯಾ ನಡುವೆ 2010ರಲ್ಲಿ ಜಾರಿಯಾದ ಒಪ್ಪಂದದಲ್ಲಿ ನಮ್ಮ ತರಬೇತಿ ಪಡೆದ ಶಿಕ್ಷಕರಿಗೂ ಒಂದು ದಾರಿ ಇಟ್ಟಿದ್ದಾರೆ, ಆದರೆ ಆ ದಾರಿಯಲ್ಲಿ ಹೋದ ಒಬ್ಬರನ್ನೂ ನಾನು ನೋಡಿಲ್ಲ. ನಾನು ಕೊರಿಯಾ ಅಂತ ಎರಡು ವರ್ಷ ಕಾದು ಕೂತಿದ್ದೆ. ಆ ಎರಡು ವರ್ಷ ನಿಮಗೆ ಉಳಿಯಲಿ.

ನಮ್ಮಂಥವರಿಗೆ ನಿಜವಾಗಿ ಬಾಗಿಲು ತೆರೆದಿರುವುದು ಮಾಲ್ಡೀವ್ಸ್, ಥಾಯ್ಲೆಂಡ್, ಮತ್ತೆ ಗಲ್ಫ್‌ನಲ್ಲಿರುವ ಇಂಡಿಯನ್ ಸ್ಕೂಲುಗಳು. ಗಲ್ಫ್ ಬಗ್ಗೆ ಅಲ್ಲಿರುವವರು ಯಾರಾದರೂ ಹೇಳಲಿ. ನಾನು ಕಂಡದ್ದನ್ನು ಹೇಳುತ್ತೇನೆ.

ಮಾಲ್ಡೀವ್ಸ್‌ನಲ್ಲಿ ಅವರ ದಿವೇಹಿ ಭಾಷೆ ಮತ್ತು ಇಸ್ಲಾಂ ಪಾಠ ಬಿಟ್ಟರೆ ಉಳಿದದ್ದೆಲ್ಲ ಇಂಗ್ಲಿಷ್ ಮೀಡಿಯಂ. ದ್ವೀಪ ದ್ವೀಪಕ್ಕೂ ಶಾಲೆ. ನಮ್ಮ ಶಾಲೆ ಇದ್ದ ದ್ವೀಪವನ್ನು ಅರ್ಧ ಗಂಟೆಯಲ್ಲಿ ಒಂದು ಸುತ್ತು ಹಾಕಿಬಿಡಬಹುದಿತ್ತು. ಕೇರಳ, ತಮಿಳುನಾಡಿನ ಟೀಚರುಗಳು ಜಾಸ್ತಿ. ಹೆಣ್ಣುಮಕ್ಕಳು ಮೂರು ನಾಲ್ಕು ಜನ ಸೇರಿ ಒಂದೇ ಮನೆಯಲ್ಲಿ ಇರುತ್ತಿದ್ದರು. ನಿಮ್ಮ ಅಮ್ಮನಿಗೆ ಇದನ್ನು ಹೇಳಿ, ಸ್ವಲ್ಪ ಧೈರ್ಯ ಬರುತ್ತದೆ. ಶುಕ್ರವಾರ, ಶನಿವಾರ ರಜೆ. ಮೀನು ತಿನ್ನದವರಿಗೆ ಕಷ್ಟ, ಬೇಳೆ ಹೇಗೋ ಸಿಗುತ್ತದೆ, ಸೊಪ್ಪು ಮಾತ್ರ ಚಿನ್ನ. ನಾನು ಬ್ಯಾಗಿನಲ್ಲಿ ರಾಗಿ ಹಿಟ್ಟು ತುಂಬಿಕೊಂಡೇ ಹೋಗುತ್ತಿದ್ದೆ. ಒಂದು ಎಚ್ಚರ: ಪೂಜೆಯ ವಿಗ್ರಹ ಒಳಗೆ ಒಯ್ಯುವಂತಿಲ್ಲ, ಕಸ್ಟಮ್ಸ್‌ನಲ್ಲಿ ತಡೆಯುತ್ತಾರೆ. ಅದು ಅವರ ದೇಶದ ಕಾನೂನು. ಅಮ್ಮ ಕಟ್ಟಿಕೊಟ್ಟರೂ ಮನೆಯಲ್ಲೇ ಬಿಟ್ಟು ಹೋಗಿ.

ಅಲ್ಲಿ ನಡೆದ ಒಂದು ವಿಷಯ ಹೇಳಬೇಕು. ನಾನು ಹೋದ ಮೊದಲ ವಾರ, ನಾಲ್ಕನೇ ತರಗತಿ. ಒಬ್ಬ ಹುಡುಗ ನೋಟ್‌ಬುಕ್ಕನ್ನು ಹಿಂದಿನ ಪುಟದಿಂದ ತೆರೆದು, ಬಲಗಡೆ ಅಂಚಿನಲ್ಲಿ ಪೆನ್ಸಿಲ್ ಇಟ್ಟು ಕೂತಿದ್ದ. ಬರೆಯುತ್ತಿಲ್ಲ. ಪಕ್ಕದಲ್ಲಿದ್ದ ಟೀಚರ್ ‘ಇವನು ಮಂದ’ ಅಂದರು. ದಿವೇಹಿಯ ಲಿಪಿಯ ಹೆಸರು ‘ತಾನಾ’, ಅದನ್ನು ಬಲದಿಂದ ಎಡಕ್ಕೆ ಬರೆಯುತ್ತಾರೆ. ಹಿಂದಿನ ಪೀರಿಯಡ್ ದಿವೇಹಿ. ಅವನ ಕೈ ಇನ್ನೂ ಆ ಕಡೆಯಿಂದಲೇ ಬರುತ್ತಿತ್ತು. ಪುಟದ ಎಡ ಅಂಚಿನಲ್ಲಿ ಒಂದು ಸಣ್ಣ ದೋಣಿ ಬರೆದು, ‘ಇಂಗ್ಲಿಷ್ ದೋಣಿ ಇಲ್ಲಿಂದ ಹೊರಡುತ್ತದೆ’ ಅಂದೆ. ಅವರೂ ದೋಣಿಗೆ ‘ದೋನಿ’ ಅಂತಲೇ ಅನ್ನುತ್ತಾರೆ. ಅವನು ನಕ್ಕ, ಬರೆದ. ತಿಂಗಳಾದ ಮೇಲೂ ಪ್ರತಿ ಪುಟಕ್ಕೂ ತಾನೇ ದೋಣಿ ಹಾಕಿಕೊಳ್ಳುತ್ತಿದ್ದ.

ಇದನ್ನು ಯಾಕೆ ಹೇಳಿದೆ ಅಂದರೆ, ಹುಟ್ಟಿನಿಂದ ಇಂಗ್ಲಿಷ್ ಒಂದೇ ಬಲ್ಲವರಿಗೆ ಆ ಹುಡುಗ ಎಲ್ಲಿ ನಿಂತ ಅಂತ ಬೇಗ ಹೊಳೆಯುವುದಿಲ್ಲ. ಮೂರನೇ ಭಾಷೆಯಾಗಿ ಕಷ್ಟಪಟ್ಟು ಕಲಿತ ನಿಮಗೆ, ನನಗೆ ಹೊಳೆಯುತ್ತದೆ. ತೆಲುಗಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ ದಾಟಿದವರು ನೀವು. ಎಲ್ಲೆಲ್ಲಿ ಕಾಲು ಜಾರುತ್ತದೆ ಅಂತ ನಿಮ್ಮ ಕಾಲಿಗೇ ಗೊತ್ತು. ಆ ಏಜೆಂಟ್ ನಿಮ್ಮ ಉಚ್ಚಾರಣೆಯನ್ನು ಹಳ್ಳಿಯದು ಅಂದದ್ದು 25,000ಕ್ಕೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಮಾಲ್ಡೀವ್ಸ್‌ನ ತೊಂದರೆ ದುಡ್ಡು ಕಳಿಸುವುದರಲ್ಲಿದೆ. ಸಂಬಳ ರುಫಿಯಾದಲ್ಲಿ ಬರುತ್ತದೆ. ಅದನ್ನು ಡಾಲರ್ ಮಾಡಿಸಿ ಊರಿಗೆ ಕಳಿಸಲು ಬ್ಯಾಂಕಿನಲ್ಲಿ ತಿಂಗಳಿಗೆ ಇಷ್ಟೇ ಅಂತ ಮಿತಿ ಇರುತ್ತದೆ, ಆ ಮಿತಿ ಆಗಾಗ ಬದಲಾಗುತ್ತದೆ. ನೀವು ಸಾಲ ತೀರಿಸಲು ಹೋಗುವವರು. ಸಂಬಳ ಎಷ್ಟು ಅಂತ ಕೇಳುವ ಮೊದಲು, ಈಗ ತಿಂಗಳಿಗೆ ಎಷ್ಟು ಕಳಿಸಬಹುದು ಅಂತ ಅಲ್ಲೇ ಇರುವ ಟೀಚರುಗಳನ್ನು ಕೇಳಿ.

ಥಾಯ್ಲೆಂಡ್ ಬೇರೆ ಥರ. ಅಲ್ಲಿ ಮಕ್ಕಳಿಗೆ ಇಂಗ್ಲಿಷ್ ಒಂದು ವಿಷಯ ಅಷ್ಟೇ, ತರಗತಿಯ ಹೊರಗೆ ಒಂದು ಪದವೂ ಕಿವಿಗೆ ಬೀಳುವುದಿಲ್ಲ. ಶಾಲೆ ಶುರುವಾಗುವುದು ಮೇ ಮಧ್ಯದಲ್ಲಿ, ಎರಡನೇ ಟರ್ಮ್ ನವೆಂಬರ್‌ನಲ್ಲಿ. ಹಾಗಾಗಿ ಮಾರ್ಚ್ ಏಪ್ರಿಲ್‌ನಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ ಕೆಲಸದ ಜಾಹೀರಾತು ಜಾಸ್ತಿ. ಡಿಗ್ರಿ ಬೇಕು. ಇಂಗ್ಲಿಷ್ ಮಾತೃಭಾಷೆಯಲ್ಲದವರಿಗೆ ಟೋಯಿಕ್ ಅನ್ನುವ ಪರೀಕ್ಷೆಯಲ್ಲಿ 990ಕ್ಕೆ 600 ಬೇಕು ಅನ್ನುತ್ತಾರೆ. ಎರಡು ಗಂಟೆ, 200 ಪ್ರಶ್ನೆ, ಕೇಳುವುದು ಮತ್ತು ಓದುವುದು. ನೀವು ಒಂದು ತಿಂಗಳು ಕೂತರೆ ಖಂಡಿತ ದಾಟುತ್ತೀರಿ. ಶಾಲೆಯವರು ಪತ್ರ ಕಳಿಸಿದ ಮೇಲೆ ನಾನ್-ಇಮಿಗ್ರಂಟ್ ‘ಬಿ’ ವೀಸಾ, ಅಂದರೆ ಕೆಲಸಕ್ಕೆ ಹೋಗುವವರ ವೀಸಾ. ನಾನು ಹೋಗುವಾಗ ಚೆನ್ನೈನಿಂದ ಮಾಡಿಸಿದೆ, ಈಗ ಇ-ವೀಸಾ ಬಂದಿದೆ. ಅಲ್ಲಿಗೆ ಹೋದ ಮೇಲೆ ವರ್ಕ್ ಪರ್ಮಿಟ್, ಟೀಚರ್ಸ್ ಕೌನ್ಸಿಲ್ ಅನುಮತಿ, 90 ದಿನಕ್ಕೊಮ್ಮೆ ಇಮಿಗ್ರೇಷನ್‌ಗೆ ವಿಳಾಸ ತಿಳಿಸುವುದು. ನನಗೆ ಮೊದಲ ವರ್ಷ 22,000 ಬಾತ್. ಆಗ ಒಂದು ಬಾತ್‌ಗೆ ಎರಡು ರೂಪಾಯಿ ಚಿಲ್ಲರೆ. ರೂಮಿಗೆ 4,000 ಬಾತ್, ಊಟಕ್ಕೆ ಐದಾರು ಸಾವಿರ. ಕೈ ಬಿಗಿಹಿಡಿದರೆ ತಿಂಗಳಿಗೆ 20,000 ರೂಪಾಯಿ ಊರಿಗೆ ಹೋಗುತ್ತಿತ್ತು. ಅದೇ ಕೆಲಸಕ್ಕೆ ಪಕ್ಕದ ಕ್ಲಾಸಿನ ಬ್ರಿಟನ್ ಹುಡುಗನಿಗೆ ನನಗಿಂತ 10,000 ಬಾತ್ ಜಾಸ್ತಿ. ಅವನಿಗೆ ಅನುಭವ ಇರಲಿಲ್ಲ, ಬಿಎಡ್ ಇರಲಿಲ್ಲ. ಇದು ನನಗೆ ಇವತ್ತಿಗೂ ಸರಿ ಅನಿಸುವುದಿಲ್ಲ. ಹೋಗುವ ಮೊದಲೇ ಗೊತ್ತಿದ್ದರೆ ನೋವು ಕಡಿಮೆ ಅಂತ ಹೇಳುತ್ತಿದ್ದೇನೆ.

ಡೆಮೊ ಕ್ಲಾಸ್ ಬಗ್ಗೆ ಕೇಳಿ. ನಾಲ್ಕೈದು ಶಾಲೆ ನನ್ನ ಫೋಟೊ ನೋಡಿಯೇ ಬೇಡ ಅಂದಿದ್ದವು. ಒಂದು ಸಣ್ಣ ಊರಿನ ಶಾಲೆ ಹದಿನೈದು ನಿಮಿಷ ಕೊಟ್ಟಿತು. ನಮ್ಮ ಕೋಲಾರದ ಮಕ್ಕಳು ‘ಬಸ್’ ಅನ್ನುವುದಿಲ್ಲ, ‘ಬಸ್ಸು’ ಅನ್ನುತ್ತಾರೆ, ಅಲ್ವಾ? ಕೊನೆಗೆ ಒಂದು ಉ ಸೇರಿಸದಿದ್ದರೆ ನಮ್ಮ ಬಾಯಿಗೆ ಸಮಾಧಾನ ಇಲ್ಲ. ಥಾಯ್ ಮಕ್ಕಳು ಉಲ್ಟಾ. ಅವರ ಭಾಷೆಯಲ್ಲಿ ಪದ ‘ಸ್’ನಿಂದ ಮುಗಿಯುವುದಿಲ್ಲ. ‘ಬಸ್’ ಅವರ ಬಾಯಲ್ಲಿ ‘ಬಟ್’ ಆಗಿ ಕಚ್ಚಿಕೊಂಡು ನಿಲ್ಲುತ್ತದೆ. ನಾವು ಸೇರಿಸುತ್ತೇವೆ, ಅವರು ಮುಚ್ಚಿಬಿಡುತ್ತಾರೆ. ನಾನು ಜೇಬಿನಲ್ಲಿ ಒಂದು ಬಲೂನ್ ಇಟ್ಟುಕೊಂಡು ಹೋಗಿದ್ದೆ. ಊದಿದೆ, ‘ಬ’ ಅಂದೆ, ಬಾಯಿ ಸಡಿಲ ಮಾಡಿದೆ. ಸ್ಸ್ಸ್ ಅಂತ ಗಾಳಿ ಹೋಯಿತು. ‘ಬಲೂನ್ ಖಾಲಿ ಆಗುವವರೆಗೆ ಬಸ್ ನಿಲ್ಲಬಾರದು’ ಅಂತ ಕೈ ಸನ್ನೆ ಮಾಡಿದೆ. ನಲವತ್ತು ಮಕ್ಕಳು ಒಟ್ಟಿಗೆ ಬಸ್ಸ್ಸ್ ಅಂದರು. ಹಿಂದೆ ಕೂತಿದ್ದ ಮುಖ್ಯೋಪಾಧ್ಯಾಯಿನಿ ತಾವೂ ಮೆಲ್ಲಗೆ ಅಂದು ನೋಡಿದರು. ಅವತ್ತೇ ಸಂಜೆ ಕೆಲಸ ಕೊಟ್ಟರು. ಅಲ್ಲಿ ಟೀಚರ್‌ಗೆ ‘ಖ್ರೂ’ ಅನ್ನುತ್ತಾರೆ. ನಮ್ಮ ‘ಗುರು’ವೇ ಅದು.

ಸರ್ಟಿಫಿಕೇಟ್ ವಿಚಾರ. ಟೆಫಲ್ ಅಂತ, ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವುದರ ಬಗ್ಗೆ 120 ಗಂಟೆಯ ಆನ್‌ಲೈನ್ ಕೋರ್ಸ್‌ಗಳು ಬೇಕಾದಷ್ಟಿವೆ. ಜಾಹೀರಾತಿನಲ್ಲಿ ಕೇಳುತ್ತಾರೆ ಅಂತ ಒಂದು ಮಾಡಿಟ್ಟುಕೊಳ್ಳಬಹುದು, ಆದರೆ ಅದರಲ್ಲಿ ಜಾಸ್ತಿ ದುಡ್ಡು ಸುರಿಯಬೇಡಿ. ಕೇಂಬ್ರಿಜ್‌ನ ಸೆಲ್ಟಾ ಅನ್ನುವ ಇಂಗ್ಲಿಷ್ ಬೋಧನೆಯ ಕೋರ್ಸ್ ಗಟ್ಟಿಯಾದದ್ದು, ಆರು ಗಂಟೆ ನಿಜವಾದ ವಿದ್ಯಾರ್ಥಿಗಳ ಮುಂದೆ ಪಾಠ ಮಾಡಿಸುತ್ತಾರೆ, ಆದರೆ ದುಬಾರಿ. ಕಡಿಮೆ ಖರ್ಚಿನಲ್ಲಿ ನಿಜವಾಗಿ ಕಲಿಯಬೇಕು ಅಂದರೆ ಇಗ್ನೋದ ಇಂಗ್ಲಿಷ್ ಬೋಧನೆ ಸರ್ಟಿಫಿಕೇಟ್ ಇದೆ, ಆರು ತಿಂಗಳು. ನಿಮ್ಮ ಬಿಎಡ್ ಮತ್ತು ಎಂಟು ವರ್ಷದ ಅನುಭವ ಇವೆಲ್ಲಕ್ಕಿಂತ ಮೇಲು. ಅನುಭವದ ಪತ್ರವನ್ನು ಮಾತ್ರ ಈಗಲೇ ಕೇಳಿ ತೆಗೆದುಕೊಳ್ಳಿ. ಕೆಲಸ ಬಿಡುತ್ತೇನೆ ಅಂದ ಮೇಲೆ ಕೇಳಿದರೆ ಓಡಾಡಿಸುತ್ತಾರೆ. ನನ್ನ ಹಳೆಯ ಶಾಲೆಯೊಂದು ನಾಲ್ಕು ತಿಂಗಳು ಓಡಾಡಿಸಿತು.

ಮಸ್ಕತ್‌ನಲ್ಲಿರುವ ತುಮಕೂರಿನವಳು:

ಗಲ್ಫ್ ಬಗ್ಗೆ ನಾನು ಹೇಳುತ್ತೇನೆ. ನಾನು ಒಮಾನ್‌ನ ಒಂದು ಇಂಡಿಯನ್ ಸ್ಕೂಲಿನಲ್ಲಿದ್ದೇನೆ. ಇಲ್ಲಿ ಸಿಬಿಎಸ್‌ಇ ಸಿಲೆಬಸ್, ನಮ್ಮ ಮಕ್ಕಳೇ. ಬಿಎಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ಅದು ನಿಮ್ಮ ಹತ್ತಿರ ಇದೆ. ಸ್ಟೇಟ್ ಸಿಲೆಬಸ್‌ನಿಂದ ಬಂದವರು ಇಂಟರ್‌ವ್ಯೂಗೆ ಮುಂಚೆ ಸಿಬಿಎಸ್‌ಇಯ ಒಂಬತ್ತು, ಹತ್ತನೇ ತರಗತಿ ಇಂಗ್ಲಿಷ್ ಪುಸ್ತಕ ಪೂರ್ತಿ ಓದಿಕೊಳ್ಳಿ, ನನಗೆ ಅದರಿಂದಲೇ ಪ್ರಶ್ನೆ ಬಂತು.

ಡಿಗ್ರಿಗೆ ಮೊದಲು ರಾಜ್ಯದ ಉನ್ನತ ಶಿಕ್ಷಣ ಇಲಾಖೆಯ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ್ದು. ಒಮಾನ್, ಬಹ್ರೇನ್‌ಗೆ ಅಪೋಸ್ಟಿಲ್ (ವಿದೇಶಾಂಗ ಸಚಿವಾಲಯ ಹಾಕುವ, ಒಪ್ಪಂದಕ್ಕೆ ಸೇರಿದ ದೇಶಗಳೆಲ್ಲ ಒಪ್ಪುವ ಮೊಹರು) ನಡೆಯುತ್ತದೆ. ದುಬೈ ಕಡೆಗಾದರೆ ನಡೆಯುವುದಿಲ್ಲ, ಯುಎಇ ರಾಯಭಾರ ಕಚೇರಿಯ ಮೊಹರು ಬೇಕು. ಮೊದಲು ದೇಶ ನಿಗದಿ ಮಾಡಿಕೊಳ್ಳಿ, ಆಮೇಲೆ ಮೊಹರು ಹಾಕಿಸಿ. ನಾನು ಎರಡು ಸಲ ಖರ್ಚು ಮಾಡಿದೆ.

ಶ್ರೀನಿವಾಸಪುರದ ಟೀಚರ್:

ಮೇಷ್ಟ್ರೇ, ಅಕ್ಕ, ಮಾಲೂರಿನ ತಮ್ಮ, ಎಲ್ಲರಿಗೂ ಕೈ ಮುಗಿಯುತ್ತೇನೆ. ಏಜೆಂಟ್‌ಗೆ ಫೋನ್ ಮಾಡಿ ಲೈಸೆನ್ಸ್ ನಂಬರ್ ಕೇಳಿದೆ. ‘ಮೀಟಿಂಗ್‌ನಲ್ಲಿದ್ದೇನೆ, ಕಾಲ್ ಮಾಡುತ್ತೇನೆ’ ಅಂದರು. ಮೂರು ದಿನ ಆಯಿತು.

ಇನ್ನೆರಡು ಸಂಶಯ. ನನ್ನ ಹತ್ತಿರ ಮಾರ್ಕ್ಸ್ ಕಾರ್ಡ್‌ಗಳು ಮತ್ತು ಪಿಡಿಸಿ (ತಾತ್ಕಾಲಿಕ ಪದವಿ ಸರ್ಟಿಫಿಕೇಟ್) ಮಾತ್ರ ಇವೆ, ಘಟಿಕೋತ್ಸವದ ಸರ್ಟಿಫಿಕೇಟ್ ತೆಗೆದುಕೊಂಡೇ ಇಲ್ಲ. ಸಾಕಾ? ಮತ್ತೆ, ಮಾರ್ಕ್ಸ್ ಕಾರ್ಡಿನಲ್ಲಿ ನನ್ನ ಹೆಸರಿನ ಮುಂದೆ ಎರಡು ಇನಿಷಿಯಲ್ ಇದೆ, ಊರಿನದು ಒಂದು, ಅಪ್ಪನದು ಒಂದು. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ. ಅದರಲ್ಲಿ ಹೆಸರು ಹೇಗೆ ಹಾಕಿಸಲಿ?

ಇನ್ನೊಂದು ಹೇಳಬೇಕು. ನಿನ್ನೆ ಎಂಟನೇ ತರಗತಿಯಲ್ಲಿ ಬಲೂನ್ ಪಾಠ ಮಾಡಿದೆ. ನಮ್ಮವರಿಗೆ ಉಲ್ಟಾ ಮಾಡಬೇಕಾಯಿತು. ಗಾಳಿ ಹೋದ ಮೇಲೆ ಬಾಯಿ ಮುಚ್ಚಿ, ‘ಉ’ಗೆ ಗಾಳಿಯೇ ಉಳಿದಿಲ್ಲ ಅಂದೆ. ಕೊನೆ ಬೆಂಚಿನ ಒಬ್ಬಳು, ಇಡೀ ವರ್ಷ ಬಾಯಿ ಬಿಡದವಳು, ಎದ್ದು ನಿಂತು ‘ಬಸ್, ಕ್ಲಾಸ್, ಗ್ಲಾಸ್’ ಅಂತ ಮೂರೂ ಸರಿಯಾಗಿ ಹೇಳಿದಳು.

ಬೂದಿಕೋಟೆ ಮೇಷ್ಟ್ರು:

ತಂಗೀ, ಪಿಡಿಸಿ ಸಾಲುವುದಿಲ್ಲ. ಘಟಿಕೋತ್ಸವದ ಸರ್ಟಿಫಿಕೇಟೇ ಬೇಕು. ಕೋಲಾರದ ಕಾಲೇಜುಗಳು ಈಗ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಕ್ಕೆ ಸೇರಿವೆ ಅಂತ ಅದರ ಕಚೇರಿ ಇರುವ ಟಮಕಕ್ಕೆ ಹೋಗಬೇಡಿ. ಅದು ಆಗಿದ್ದು 2017ರಲ್ಲಿ, ನಿಮ್ಮ ಡಿಗ್ರಿ 2014ರದು. ನೀವು ಹೋಗಬೇಕಾದದ್ದು ಜ್ಞಾನಭಾರತಿಗೆ, ಬೆಂಗಳೂರು ವಿಶ್ವವಿದ್ಯಾಲಯದ ಆವರಣಕ್ಕೆ. ಎಲ್ಲಕ್ಕಿಂತ ಮೊದಲು ಈ ಕೆಲಸ ಹಚ್ಚಿ, ಇದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ.

ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲ ಅನ್ನುವುದು ಒಳ್ಳೆಯದೇ ಆಯಿತು. ಅದರಲ್ಲಿ ಇನಿಷಿಯಲ್ ಬಿಡಿಸಿ ಪೂರ್ತಿಯಾಗಿ ಬರೆಯಬೇಕು. ಊರಿನ ಹೆಸರು, ಅಪ್ಪನ ಹೆಸರು, ನಿಮ್ಮ ಹೆಸರು, ಯಾವುದು ಎಲ್ಲಿ ಅಂತ ಮೊದಲೇ ತೀರ್ಮಾನ ಮಾಡಿ, ಆಧಾರ್‌ನಲ್ಲೂ ಹಾಗೇ ಸರಿಮಾಡಿಸಿ. ಸ್ಪೆಲಿಂಗ್ ಒಂದೊಂದು ಅಕ್ಷರವೂ ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇರುವ ಹಾಗೇ ಇರಲಿ. ಮಾರ್ಕ್ಸ್ ಕಾರ್ಡಿನ ಇನಿಷಿಯಲ್ಲಿಗೂ ಪಾಸ್‌ಪೋರ್ಟಿನ ಪೂರ್ತಿ ಹೆಸರಿಗೂ ಇಬ್ಬರೂ ಒಬ್ಬರೇ ಅಂತ ನೋಟರಿ ಹತ್ತಿರ ಒಂದು ಅಫಿಡವಿಟ್ ಇಂಗ್ಲಿಷಿನಲ್ಲಿ ಮಾಡಿಸಿಟ್ಟುಕೊಳ್ಳಿ. ನನ್ನ ಅಪ್ಪನ ಹೆಸರಿನಲ್ಲಿ ಒಂದು ‘ಎಚ್’ ಜಾಸ್ತಿ ಆಗಿ ವರ್ಕ್ ಪರ್ಮಿಟ್ ಐದು ವಾರ ನಿಂತಿತ್ತು. ಪೊಲೀಸ್ ಕ್ಲಿಯರೆನ್ಸ್ ಈಗ ಬೇಡ, ಕೆಲಸದ ಪತ್ರ ಬಂದ ಮೇಲೆ ಪಾಸ್‌ಪೋರ್ಟ್ ಸೇವಾ ವೆಬ್‌ಸೈಟಿನಲ್ಲೇ ಅರ್ಜಿ ಹಾಕಿ, ಹಳೆಯದನ್ನು ಒಪ್ಪುವುದಿಲ್ಲ.

ಮತ್ತೆ ಆ ಬಲೂನ್ ಪಾಠ. ಎಚ್ಚೆಮ್ ಅವರ ಒಪ್ಪಿಗೆ ಕೇಳಿ, ಅದನ್ನೇ ಇನ್ನೊಂದು ಸಲ ಮಾಡಿ. ಜೊತೆಯ ಟೀಚರ್ ಕೈಗೆ ಮೊಬೈಲ್ ಕೊಟ್ಟು ಹಿಂದಿನ ಬೆಂಚಿನಿಂದ ವಿಡಿಯೊ ತೆಗೆಸಿ. ಮಕ್ಕಳ ಮುಖ ಬೀಳದ ಹಾಗೆ, ನಿಮ್ಮ ಮುಖ, ನಿಮ್ಮ ದನಿ, ಮಕ್ಕಳ ಉತ್ತರ ಇರಲಿ. ಮೂರು ನಿಮಿಷ ಸಾಕು. ಅರ್ಜಿಯ ಜೊತೆ ಮೊದಲು ಅದನ್ನೇ ಕಳಿಸಿ.